ಹದಿನೆಂಟು ಮಿಲಿಮೀಟರ್

ನಂಬಬೇಡಿ, ನನಗೇನೂ ಬೇಜಾರಿಲ್ಲ. ನನ್ನ ಮಾತು ನಂಬಿ ಕೆಟ್ಟವರು ಮಲ್ಲೇಶ್ವರದಲ್ಲಿ ಕ್ರಾಸಿಗೊಬ್ಬರಂತೆ ಇದ್ದಾರೆ. ಆದರೂ ಹೇಳುತ್ತೇನೆ: ನನ್ನ ಜೀವ ಉಳಿಸಿದ್ದು ಜಾಮಿಟ್ರಿ ಬಾಕ್ಸಿನ ಒಂದು ಸ್ಕೇಲು.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ಸಂಧಿವಾತದಿಂದ ನನ್ನ ಬೆರಳುಗಳು ಶುಂಠಿಯ ಹಾಗೆ ಸೊಟ್ಟಗಾಗಿದ್ದವು. ನನ್ನಷ್ಟು ನಾಜೂಕಾಗಿ ಇಸ್ಪೀಟು ಕಲೆಸುವವನು ಆ ಕಡೆ ಇರಲಿಲ್ಲ; ಎಲೆ ಕದಿಯುವವನಂತೂ ಇರಲೇ ಇಲ್ಲ. ಅಂಥವನಿಗೆ ಈಗ ಅಂಗಿಯ ಗುಂಡಿ ಹಾಕಲೂ ಹೆಂಡತಿ ಬೇಕು. ಕೀಲಿನ ಡಾಕ್ಟರು ಹೊಸ ಬಯೋಲಾಜಿಕಲ್ ಇಂಜೆಕ್ಷನ್ ಶುರು ಮಾಡೋಣವೆಂದರು.

“ಊತ, ನೋವು ತಗ್ಗುತ್ತೆ. ಜೊತೆಗೆ ಮೈ ರೋಗ ತಡ್ಕೊಳ್ಳೋ ಶಕ್ತೀನೂ ತಗ್ಗುತ್ತೆ. ಒಳಗೆ ಟಿಬಿ ಮಲಗಿದ್ರೆ ಎದ್ಬಿಡುತ್ತೆ, ಪ್ರಾಣಕ್ಕೇ ಬರಬಹುದು. ನಿಮ್ಮನೇಲಿ ಯಾರಿಗಾದ್ರೂ ಇತ್ತಾ?”

“ನಮ್ಮ ವಂಶದಲ್ಲಿ ನೆಗಡೀನೂ ಇಲ್ಲ ಸಾರ್.”

ಮುಂಗೈಗೆ ಟಿಬಿ ಪರೀಕ್ಷೆಯ ಸೂಜಿ ಚುಚ್ಚಿ, ಮೂರನೇ ದಿನ ಬಂದು ಊತ ಅಳೆಸಿಕೊಳ್ಳಿ, ಗಟ್ಟಿ ಉಬ್ಬು ಹತ್ತು ಮಿಲಿಮೀಟರ್ ದಾಟಿದರೆ ಒಳಗೆ ಟಿಬಿ ಇದೆಯೆಂದೇ ಲೆಕ್ಕ ಎಂದರು. ಮೂರನೇ ದಿನ ಅಲ್ಲಿ ಕೆಂಪಗೆ, ಗಟ್ಟಿಯಾಗಿ ಉಬ್ಬಿತ್ತು. ತೋರಿಸಿದರೆ ಇಂಜೆಕ್ಷನ್ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ ದಿನ ಆಸ್ಪತ್ರೆಯ ಮೆಟ್ಟಿಲು ಹತ್ತಬಾರದೆಂದು ಹೆಂಡತಿಗೆ ಹೇಳಿ ಮನೆಯಲ್ಲೇ ಕುಳಿತೆ. ಉಬ್ಬು ಇಳಿದ ಮೇಲೆ ಹೋದೆ.

“ಮೂರನೇ ದಿನ ನಮ್ಮ ಬೀದಿ ಡಾಕ್ಟ್ರಿಗೇ ತೋರಿಸ್ದೆ ಸಾರ್. ಏನೂ ಇರ್ಲಿಲ್ಲ.”

ಡಾಕ್ಟರು ಪೆನ್ನು ತೆಗೆದರು. ಪಕ್ಕದ ಕುರ್ಚಿಯಲ್ಲಿ ನನ್ನ ಹೆಂಡತಿ, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿದವಳು, ಬಾಯಿ ತೆಗೆದಳು.

“ಹದಿನೆಂಟು ಮಿಲಿಮೀಟರ್ ಇತ್ತು ಡಾಕ್ಟ್ರೇ. ಇವ್ರು ಊಟ ಮಾಡಿ ಗೊರಕೆ ಹೊಡೀತಿದ್ದಾಗ ಸ್ಕೇಲಿಟ್ಟು ಅಳೆದೆ. ಕೆಂಪು ಬಿಟ್ಟು, ಗಟ್ಟಿ ಇರೋದಷ್ಟೇ. ಹಾಗೇ ಅಳೀಬೇಕು ಅಂತ ನರ್ಸು ಹೇಳಿದ್ರು.”

“ಏನೇ ಇದು?”

“ಸುಮ್ನಿರ್ರೀ. ಡಾಕ್ಟ್ರೇ, ಚಿಕ್ಕಂದಿನಲ್ಲಿ ಇವ್ರು ಅವರ ಚಿಕ್ಕಪ್ಪನ ಪಕ್ಕದಲ್ಲೇ ಮಲಗ್ತಿದ್ದಿದ್ದು. ಅವರು ಕೆಮ್ಮೀ ಕೆಮ್ಮೀ ಹೋದ್ರು. ಆ ಕಾಯಿಲೆ ಹೆಸರು ಇವರ ಮನೇಲಿ ಯಾರೂ ಎತ್ತಲ್ಲ. ಹವಾ ಬದಲಾವಣೆಗೆ ಹೋದ್ರು ಅಂತಾರೆ.”

“ಹವಾ ಬದಲಾಗಿದ್ದು ನಿಜ ತಾನೇ?” ಎಂದೆ. ಡಾಕ್ಟರು ನಗಲಿಲ್ಲ.

ಎಕ್ಸ್‌ರೇ ತೆಗೆಸಿದರು. ಸದ್ಯಕ್ಕೆ ಕಾಯಿಲೆ ಎದ್ದಿಲ್ಲ, ಒಳಗೆ ಮಲಗಿದೆ ಎಂದರು. ಮೊದಲು ಒಂದು ತಿಂಗಳು ಟಿಬಿ ಮಾತ್ರೆ; ಆಮೇಲೆ ಇಂಜೆಕ್ಷನ್, ಮಾತ್ರೆ ಇನ್ನೂ ಎಷ್ಟೋ ತಿಂಗಳು. ಜ್ವರ, ಕೆಮ್ಮು ಬಂದರೆ ಕಷಾಯ ಕುಡಿದು ಕೂರದೆ ಅವತ್ತೇ ಬರಬೇಕು.

ಆಟೋದಲ್ಲಿ ನಾನು ಮುಖ ಊದಿಸಿಕೊಂಡಿದ್ದೆ. “ಒಂದು ತಿಂಗಳು ತಾನೇ? ಗುಂಡಿ ನಾನ್ ಹಾಕ್ತೀನಿ, ಬಿಡಿ” ಎಂದು ಅವಳು ನಕ್ಕಳು.

ತಿಂಗಳು ಕಳೆದು ಇಂಜೆಕ್ಷನ್ ಬಿತ್ತು. ಯುಗಾದಿಯ ಹೊತ್ತಿಗೆ ಪಾರ್ಕಿನ ಗೆಳೆಯರನ್ನೆಲ್ಲ ಮತ್ತೆ ಇಸ್ಪೀಟಿನಲ್ಲಿ ಸೋಲಿಸತೊಡಗಿದೆ.

ನಿಮಗೆ ಇಷ್ಟು ಹೇಳಿದ್ದರಲ್ಲಿ ಒಂದೇ ಒಂದು ಸುಳ್ಳಿದೆ. ಅಮಾವಾಸ್ಯೆ ಅಲ್ಲ, ಅದು ನಿಜವಾಗಿಯೂ ಇತ್ತು. ಪಂಚಾಂಗ ನೋಡಿಯೇ ನೆಪ ಹೇಳಿದ್ದೆ. ಆಟೋದಲ್ಲಿ ಅವಳು ನಕ್ಕಳು ಎಂದೆನಲ್ಲ, ನಗಲಿಲ್ಲ. ಮನೆ ಬರುವವರೆಗೂ ನನ್ನ ಮುಂಗೈ ಹಿಡಿದುಕೊಂಡೇ ಕುಳಿತಿದ್ದಳು.