ಮೌನವಾಗಿ ಓದಿಕೊಳ್ಳುವುದು

ಅಮೆರಿಕದ ಅಲಬಾಮಾದ ಪೈನ್ ಫೋರ್ಕ್ ಊರಿನ ಕಪ್ಪು ಜನರಲ್ಲಿ ಯಾರು ಸತ್ತರೂ ಮೊದಲ ಸುದ್ದಿ ಶವಪೆಟ್ಟಿಗೆ ಮಾಡುವವನಿಗೆ, ಎರಡನೆಯದು ವರ್ಲೀನ್ ಟಬ್ಸ್‌ಗೆ. ಸತ್ತವರ ಬಾಳನ್ನು ಒಂದು ಪುಟದಲ್ಲಿ ಬರೆದು ಚರ್ಚಿನಲ್ಲಿ ಓದುವುದು ಇಪ್ಪತ್ತು ವರ್ಷದಿಂದ ಅವಳದೇ ಕೆಲಸ. ಹೆಂಗಸರು ಪಾದ್ರಿಯ ಪೀಠ ಹತ್ತುವ ಹಾಗಿಲ್ಲವಲ್ಲ, ಕೆಳಗೆ ನಿಂತೇ ಓದುತ್ತಿದ್ದಳು. ಕುಡುಕನನ್ನು ಕುಡುಕನೆಂದೇ ಬರೆಯುತ್ತಿದ್ದಳು. ಅವನು ಮಕ್ಕಳಿಗೆ ಮರದ ಕುದುರೆ ಕೆತ್ತಿಕೊಟ್ಟದ್ದನ್ನೂ ಬಿಡುತ್ತಿರಲಿಲ್ಲ. ವಾರದ ದಿನಗಳಲ್ಲಿ ಬಿಳಿಯ ಕ್ರ್ಯಾಂಡಲ್ ದೊರೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು.

ಅಲ್ಲಿ ಪಕ್ಕದ ಮೇಜಿನವಳೇ ಒಝೆಲ್ಲಾ ಗೇನ್ಸ್. ಸಾವಿರದ ಒಂಬೈನೂರ ಅರವತ್ತೆರಡರ ಬೇಸಿಗೆಯಲ್ಲಿ, ಬಿಳಿಯರು ಕಪ್ಪು ಜನರನ್ನು ಸೇರಿಸಗೊಡದ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಒಝೆಲ್ಲಾ ಮೂರು ಸಲ, ಆ ಕಚೇರಿಯಿದ್ದ ಕೋರ್ಟಿಗೆ ಹೋದಳು. ಎರಡನೆಯ ಸಲಕ್ಕೆ ಕ್ರ್ಯಾಂಡಲ್ ಅವಳನ್ನು ಕೆಲಸದಿಂದ ತೆಗೆದ. ಮೂರನೆಯ ಸಲ ಕೋರ್ಟಿನ ಮೆಟ್ಟಿಲ ಮೇಲೆ ಯಾರೋ ಬೂಟುಗಾಲಲ್ಲಿ ಒದ್ದು ಉರುಳಿಸಿದರು. ಹನ್ನೊಂದು ದಿನ ನರಳಿ ಸತ್ತಳು ಪಾಪ. ವರ್ಲೀನ್ ಅದಷ್ಟನ್ನೂ ಬರೆದು, ಅಚ್ಚು ಹಾಕಿಸಲು ಪಾದ್ರಿ ಹಕಬೀ ಕೈಗೆ ಕೊಟ್ಟಳು.

ಶನಿವಾರ, ಶವಸಂಸ್ಕಾರದ ದಿನ, ಚರ್ಚಿನ ಬಾಗಿಲಲ್ಲಿ ಅಚ್ಚಾದ ಹಾಳೆ ನೋಡಿ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಕೋರ್ಟಿಲ್ಲ, ಮೆಟ್ಟಿಲಿಲ್ಲ. 'ಅಲ್ಪಕಾಲದ ಕಾಯಿಲೆಯಿಂದ ಪ್ರಭುವಿನ ಪಾದ ಸೇರಿದರು' ಎಂದಿತ್ತು. ಮೇಲೆ ದಪ್ಪಕ್ಷರದಲ್ಲಿ: 'ಮೌನವಾಗಿ ಓದಿಕೊಳ್ಳುವುದು.'

"ಇದೇನ್ ಪಾದ್ರಿಗಳೇ, ನನ್ನ ಬಾಯಿಗೇ ಬೀಗ ಹಾಕ್ಬಿಟ್ರಾ?"

"ಮೆತ್ತಗೆ ಮಾತಾಡಮ್ಮಾ. ಕ್ರ್ಯಾಂಡಲ್ ದೊರೆ ಹೂವಿನ ಹಾರ ತಂದು ಮುಂದಿನ ಬೆಂಚಲ್ಲೇ ಕೂತಿದಾರೆ. ನಮ್ಮಲ್ಲಿ ಅರ್ಧ ಜನಕ್ಕೆ ಅವರದೇ ಅನ್ನ, ನಿನಗೂ ಅಷ್ಟೇ. ಹೋದ ತಿಂಗಳು ಪಕ್ಕದೂರಿನ ಚರ್ಚಿಗೆ ಬಿಳಿಯರು ಬೆಂಕಿ ಹಾಕಿದ್ದು ಮರ್ತೋಯ್ತಾ?"

ಪಾದ್ರಿ ಹೇಳಿದ್ದು ಸುಳ್ಳಲ್ಲ, ಅದೇ ಸಂಕಟ. ಅವಳ ಮನೆಯಲ್ಲಿ ದುಡಿಯುವ ಕೈ ಅವಳದೊಂದೇ. ಹಲ್ಲುಕಚ್ಚಿ ಒಳಗೆ ಹೋಗಿ ಕೂತಳು.

ಆರ್ಗನ್ ವಾದ್ಯ ಸಣ್ಣಗೆ ಶುರುವಾಯಿತು. ಜನ ತಲೆತಗ್ಗಿಸಿ ಹಾಳೆ ನೋಡತೊಡಗಿದರು. ಆಗ ಒಝೆಲ್ಲಾಳ ತಾಯಿ, ಎಂಬತ್ತರ ಮಿಸೂರಿ ಅಜ್ಜಿ, ಕೋಲೂರಿ ಎದ್ದಳು.

"ಯಾಕ್ರೋ ಎಲ್ಲಾ ಬಾಯಿ ಮುಚ್ಕೊಂಡಿದೀರಾ? ನಂಗೆ ಓದೋಕ್ ಬರಲ್ಲ ಅಂತ ಗೊತ್ತಿಲ್ವಾ? ನನ್ನ ಮಗಳ ಬಾಳು ನಂಗೆ ಯಾರು ಹೇಳೋರು?"

ಆರ್ಗನ್ ನಿಂತಿತು. "ಆಮೇಲೆ ಮನೇಲಿ ಓದಿ ಹೇಳ್ತೀವಿ, ಕೂತ್ಕೊಳಮ್ಮಾ" ಎಂದ ಪಾದ್ರಿ.

"ಮನೇಲ್ಯಾಕೆ? ಅವಳು ಇಲ್ಲೇ ಪೆಟ್ಟಿಗೇಲಿ ಮಲಗಿದಾಳೆ. ಏಳೇ ವರ್ಲೀನ್! ನಾಲಿಗೆ ಬಿದ್ದೋಯ್ತಾ ನಿಂಗೆ?"

ವರ್ಲೀನ್ ಎದ್ದಳು. ಒಝೆಲ್ಲಾ ಹುಟ್ಟಿದ್ದು, ಆರು ವರ್ಷಕ್ಕೇ ಹತ್ತಿ ಬಿಡಿಸಲು ಹೋದದ್ದು, ಹಾಡುವಾಗ ಕಣ್ಣು ಮುಚ್ಚುತ್ತಿದ್ದದ್ದು, ಎಲ್ಲ ಓದಿದಳು. 'ಅಲ್ಪಕಾಲದ' ಎಂಬಲ್ಲಿಗೆ ಬಂದು ದನಿ ನಿಂತುಬಿಟ್ಟಿತು. ಕ್ರ್ಯಾಂಡಲ್ ತೊಡೆಯ ಮೇಲೆ ಟೋಪಿ ಇಟ್ಟುಕೊಂಡು ಅವಳನ್ನೇ ನೋಡುತ್ತಿದ್ದ. ಹೆಂಗಸರ ಕೈಯ ಬೀಸಣಿಗೆಗಳೂ ನಿಂತವು.

"ಹೇಳವ್ವಾ, ನಿಧಾನಕ್ಕೆ ಹೇಳು" ಎಂದಿತು ಹಿಂದಿನ ಬೆಂಚಿನ ಒಂದು ದನಿ. "ಹೂಂ, ಹೇಳು!" ಎಂದಿತು ಇನ್ನೊಂದು.

ವರ್ಲೀನ್ ಹಾಳೆ ಮಡಚಿದಳು. "ಒಝೆಲ್ಲಾ ಕಾಯಿಲೆಯಿಂದ ಸಾಯ್ಲಿಲ್ಲ. ಓಟಿನ ಹಕ್ಕು ಕೇಳೋಕೆ ಮೂರು ಸಲ ಕೋರ್ಟಿಗೆ ಹೋದ್ಲು. ಎರಡನೇ ಸಲಕ್ಕೆ, ಇವತ್ತು ಹಾರ ತಂದಿರೋರೇ ಅವಳ ಕೆಲಸ ಕಿತ್ಕೊಂಡ್ರು. ಮೂರನೇ ಸಲ ಮೆಟ್ಟಿಲ ಮೇಲಿಂದ ಒದ್ದು ಕೊಂದ್ರು."

ಕ್ರ್ಯಾಂಡಲ್ ಟೋಪಿ ಹಾಕಿಕೊಂಡು ಹೊರನಡೆದ. "ಹ್ಞಾ, ಈಗ ಹೇಳಿದ್ಯಲ್ಲ, ಇವಳು ನನ್ನ ಮಗಳು" ಎಂದು ಮಿಸೂರಿ ಅಜ್ಜಿ ಕೂತು ಗೊಳೋ ಎಂದು ಅತ್ತಳು.

ಸೋಮವಾರ ಲಾಂಡ್ರಿಗೆ ಹೋದರೆ ವರ್ಲೀನಳ ಜಾಗದಲ್ಲಿ ಬೇರೊಬ್ಬಳು ನಿಂತಿದ್ದಳು. ಗೊತ್ತಿದ್ದದ್ದೇ. ಮನೆಗೆ ಬಂದು ಚಿಲಕ ಹಾಕಿಕೊಂಡಳು. ರಸ್ತೆಯಲ್ಲಿ ಕಾರು ನಿಧಾನವಾದರೆ ಸಾಕು, ಎದೆ ಧಸಕ್ಕೆನ್ನುತ್ತಿತ್ತು. ಸಂಜೆ ಯಾರೋ ಬಾಗಿಲು ಬಡಿದರು. ಪರದೆ ಸರಿಸಿದರೆ, ಲಾಂಡ್ರಿಯ ಮೂವರು ಹೆಂಗಸರು.

"ಯಾರ್ರೇ ಸತ್ತಿದ್ದು?"

"ಯಾರೂ ಸತ್ತಿಲ್ಲ ಅಕ್ಕಾ" ಎಂದಳು ಮುಂದಿದ್ದ ಕ್ಲೋರೀಸ್. "ಗುರುವಾರ ನಾವು ಮೂವರೂ ಕೋರ್ಟಿಗೆ ಹೋಗ್ತಿದೀವಿ. ಮೊದಲೇ ನಮ್ಮದೂ ಬರೆದಿಟ್ಬಿಡು. ಆಮೇಲೆ ಯಾವನೂ ಕಾಯಿಲೆ ಅಂತ ಸೇರಿಸಬಾರದು."

ವರ್ಲೀನ್ ಅವರನ್ನು ಒಳಗೆ ಕರೆದು ಮೇಜಿನ ಮೇಲೆ ನಾಲ್ಕು ಹಾಳೆ ಹರಡಿದಳು. ಮೊದಲನೆಯದರ ಮೇಲೆ ತನ್ನ ಹೆಸರು ಬರೆದಳು.