ಸುರಂಗದ ನೀರು ಕುಡಿದ ಕಾರು

ಆ ಭಾನುವಾರ ದೋಸೆ ಕಾವಲಿ ಇಳಿಸಿದ ಮೇಲೆ ನಾನು ಮಾಡಿದ ಮೊದಲ ಕೆಲಸ, ಕಾರಿನ ಅಡಿಗೆ ಗೋಣಿ ಹಾಸಿ ಮಲಗಿದ್ದು. ಮಾರನೆಯ ದಿನ ಬೆಳಿಗ್ಗೆ ಆರಕ್ಕೆ ಆ ಕಾರು ಮಂಗಳೂರಿಗೆ ಹೊರಡಲೇಬೇಕಿತ್ತು. ನನ್ನ ಗಂಡನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಒಂದು ಸರದಿ ತಪ್ಪಿದರೆ ಕಾಲು ಊದಿಕೊಳ್ಳುತ್ತದೆ, ಮಲಗಿದರೆ ಉಸಿರು ಸಿಗದೆ ಎದ್ದು ಕೂರುತ್ತಾರೆ. ಈ ಓಡಾಟಕ್ಕೆಂದೇ ನಾನು ನಲವತ್ತೆಂಟರಲ್ಲಿ ಕಾರು ಕಲಿತದ್ದು.

ಹಿಂದಿನ ಗುರುವಾರ ವಾಪಸು ಬರುವಾಗ ಪೆರ್ಲದ ಏರಿನಲ್ಲಿ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು. ಮರದ ನೆರಳಿಗೆ ಒತ್ತಿ ನಿಲ್ಲಿಸಿ ಮುಕ್ಕಾಲು ಗಂಟೆ ಕಾದೆವು. ಹಿಂದಿನ ಸೀಟಿನಲ್ಲಿ ಅವರು ಬಾಯಿ ತೆರೆದು ನಿದ್ದೆ ಹೋಗಿದ್ದರು. ನಾನು ಆಸ್ಪತ್ರೆಯ ಫೈಲಿನಿಂದ ಗಾಳಿ ಹಾಕುತ್ತಿದ್ದೆ. ಆಮೇಲೆ ಬಂದ ಮೆಕ್ಯಾನಿಕ್ ರೇಡಿಯೇಟರಿನ ಮುಚ್ಚಳ ತೆಗೆದು ಒಳಗೆ ಇಣುಕಿದ.

“ಇದು ಕೂಲೆಂಟ್ ಅಲ್ಲ ಅಕ್ಕ, ಚಾ. ಹಾಲು ಮಾತ್ರ ಹಾಕಿಲ್ಲ ನೀವು.”

ತನ್ನ ಅಕ್ಕನ ಮಗಳ ಮದುವೆಯೆಂದು ಅವನು ಮಂಗಳವಾರದವರೆಗೆ ಅಂಗಡಿ ಮುಚ್ಚುವವನಿದ್ದ. ಬಾಡಿಗೆ ಜೀಪುಗಳೂ ಮದುವೆಗಳಿಗೇ ಬುಕ್ ಆಗಿದ್ದವು. ಹಳೆಯ ನೀರು ಖಾಲಿ ಮಾಡಿ, ತೊಳೆದು, ಎಂಜಿನ್ ತಣಿಸುವ ಹೊಸ ಕೂಲೆಂಟ್ ತುಂಬಿಸುವುದು ಮನೆಯಲ್ಲೇ ಆಗುವ ಕೆಲಸ ಎಂದು ಒಂದೊಂದೇ ಹೇಳಿದ. ನಾನು ಫೈಲಿನ ಹಿಂಬದಿಯಲ್ಲಿ ಬರೆದುಕೊಂಡೆ. ತೊಳೆಯುವುದಕ್ಕೆ ಮನೆ ನೀರಾದರೂ ಅಡ್ಡಿಯಿಲ್ಲ, ಕೊನೆಗೆ ತುಂಬಿಸುವುದಕ್ಕೆ ಮಾತ್ರ ಡಿಸ್ಟಿಲ್ಡ್ ನೀರೇ ಆಗಬೇಕು ಎಂದು ಎರಡೆರಡು ಸಲ ಹೇಳಿದ್ದ.

ಅದು ನಮ್ಮ ಮನೆಯಲ್ಲಿ ಸುಲಭದ ಮಾತಲ್ಲ. ನಮಗೆ ನೀರು ಬರುವುದು ಹಿಂದಿನ ಗುಡ್ಡವನ್ನು ಅಡ್ಡಕ್ಕೆ ಕೊರೆದ ಸುರಂಗದಿಂದ. ನನ್ನ ಮಾವ ಕುಪ್ಪಿ ದೀಪ ಇಟ್ಟುಕೊಂಡು ಮೂರು ಬೇಸಗೆ ಅಗೆದದ್ದು. ಮನೆಗೆ ಬಂದವರಿಗೆ ಚಾಕ್ಕಿಂತ ಮೊದಲು ಆ ನೀರೇ ಒಂದು ಲೋಟ. ಕೈಕಾಲು ಗಟ್ಟಿ ಇದ್ದಾಗ ಕಾರಿನ ಕೆಲಸವೆಲ್ಲ ಗಂಡನದೇ. ಮನುಷ್ಯರು ಕುಡಿಯುವ ನೀರಿಗಿಂತ ಕಬ್ಬಿಣಕ್ಕೆ ಒಳ್ಳೆಯದು ಬೇಕಾ ಎಂದು, ಅವರು ಒಂಬತ್ತು ವರ್ಷ ರೇಡಿಯೇಟರಿಗೆ ಸುರಂಗದ ನೀರನ್ನೇ ಹೊಯ್ದಿದ್ದರು. ಅಂಗಡಿಯ ಹಸಿರು ಕೂಲೆಂಟ್ ಅವರ ಕಣ್ಣಿಗೆ ದುಡ್ಡು ಕೀಳುವ ಬಣ್ಣ.

ರೇಡಿಯೇಟರಿನ ಅಡಿಯ ಬಿರಡೆ ಸಡಿಲವಾಗುತ್ತಲೇ ನೀರು ನನ್ನ ಮೊಣಕೈಗುಂಟ ಇಳಿದು ಬೇಸಿನ್ನಿಗೆ ಬಿತ್ತು. ಕಡು ಕೆಂಪು, ತಳದಲ್ಲಿ ಅರಸಿನ ಪುಡಿಯಷ್ಟು ನಯವಾದ ಕೆಸರು. ಅವರು ಜಗಲಿಯ ಕುರ್ಚಿಯಿಂದ ಎದ್ದು ಬಂದು ನೋಡಿದರು. ಡಯಾಲಿಸಿಸ್ಸಿಗೆ ಎಡಗೈಗೆ ಸೂಜಿ ಚುಚ್ಚುವುದರಿಂದ ಆ ಕೈಯಲ್ಲಿ ಭಾರ ಎತ್ತುವ ಹಾಗಿಲ್ಲ. ಬಲಗೈಯಿಂದ ಎಡಗೈ ಹಿಡಿದುಕೊಂಡೇ ನಿಂತಿದ್ದರು.

“ನಮ್ಮ ನೀರಾ ಇದು?”

ಎಂಟನೆಯ ಕ್ಲಾಸಿನಲ್ಲಿ ಸಿಸ್ಟರ್ ಒಬ್ಬರು ಗಾಜಿನ ನಳಿಗೆಗಳಲ್ಲಿ ಮೊಳೆ ಇಟ್ಟು ತೋರಿಸಿದ್ದನ್ನು ಹೇಳಿದೆ. ಕುದಿಸಿ ಮೇಲೆ ಎಣ್ಣೆ ಬಿಟ್ಟ ನೀರಿನ ಮೊಳೆ ಹಾಗೇ ಇತ್ತು. ನಾವು ಕುಡಿಯುವ ಒಳ್ಳೆಯ ಬಾವಿ ನೀರಿನದ್ದು ವಾರದಲ್ಲಿ ತುಕ್ಕು ಹಿಡಿದಿತ್ತು. ತಪ್ಪು ನೀರಿನದಲ್ಲ, ಕಬ್ಬಿಣದ ಗುಣ ಹಾಗೆ ಎಂದೆ. ಅವರು ಹೋಗಿ ಕುರ್ಚಿಯಲ್ಲಿ ಕೂತರು.

ಮೂರು ಸಲ ತೊಳೆಯಬೇಕಿತ್ತು. ನೀರು ತುಂಬಿಸಿ, ಒಳಗಿನ ಕೊಳವೆಗಳಿಗೂ ನೀರು ಹರಿಯಲೆಂದು ಕಾರಿನ ಹೀಟರ್ ಹಾಕಿ ಎಂಜಿನ್ ಓಡಿಸಿ, ತಣಿಯುವವರೆಗೆ ಕಾದು, ಮತ್ತೆ ಖಾಲಿ ಮಾಡುವುದು. ಈ ಸೆಕೆಯ ಊರಿನಲ್ಲಿ ಹೀಟರಿನ ನಾಬನ್ನು ಯಾರು ತಿರುಗಿಸುತ್ತಾರೆ? ಅದು ಧೂಳು ಕೂತು ಗಟ್ಟಿಯಾಗಿತ್ತು. ಕಾಯುವ ಹೊತ್ತಿನಲ್ಲಿ ಉಪ್ಪಿಲ್ಲದ ಪಲ್ಯ ಮಾಡಿದೆ, ಬಟ್ಟೆ ಹಿಂಡಿದೆ, ಬೆನ್ನು ನೆಟ್ಟಗಾಗದೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತೆ. ಎರಡನೆಯ ಸಲ ತುಂಬಿಸುವಾಗ ಗಮನಕ್ಕೆ ಬಂತು: ನಾನು ಬಕೆಟಿನಿಂದ ಸುರಿಯುವ ಒಂದೊಂದು ಚೊಂಬನ್ನೂ ಅವರ ಕಣ್ಣು ಹಿಂಬಾಲಿಸುತ್ತಿತ್ತು. ಡಾಕ್ಟರು ಹೇಳಿದಂತೆ ಅವರ ಪಾಲಿಗೆ ಇಡೀ ದಿನಕ್ಕೆ ಅಳೆದಿಟ್ಟ ಒಂದು ಸಣ್ಣ ಸ್ಟೀಲ್ ಬಾಟಲಿ ನೀರು. ಬಕೆಟನ್ನು ಕಾರಿನ ಆಚೆ ಬದಿಗೆ ಇಟ್ಟುಕೊಂಡೆ.

ನಾಲ್ಕು ಗಂಟೆಯ ಹೊತ್ತಿಗೆ ಇಳಿದ ನೀರು ತಿಳಿಯಾಗಿತ್ತು. ಪೆರ್ಲದಿಂದ ತಂದಿದ್ದ ಎರಡು ಲೀಟರ್ ಕೂಲೆಂಟಿಗೆ ಎರಡು ಲೀಟರ್ ಡಿಸ್ಟಿಲ್ಡ್ ನೀರು ಬೆರೆಸಿ ತುಂಬಿಸಿದೆ. ಮುಚ್ಚಳ ತೆರೆದಿಟ್ಟು ಎಂಜಿನ್ ಓಡಿಸಿದರೆ ಗುಳುಗುಳು ಗಾಳಿ ಹೊರಗೆ ಬಂತು, ಮಟ್ಟ ಕೆಳಗೆ ಇಳಿಯಿತು. ಬೆರೆಸಿದ್ದು ಮುಗಿದಿತ್ತು. ಇನ್ನೂ ಅರ್ಧ ಲೀಟರ್ ಬೇಕು, ಭಾನುವಾರ ಅಂಗಡಿ ಇಲ್ಲ.

“ಅರ್ಧ ಲೀಟರ್ ನಮ್ಮದೇ ಹಾಕು ಮಾರಾಯ್ತಿ. ಅಷ್ಟಕ್ಕೆ ಎಂತ ಆಗ್ತದೆ?”

ನನಗೂ ಹಾಕಿ ಮುಗಿಸುವ ಮನಸ್ಸಾಯಿತು. ಕೈತುಂಬ ಮಣ್ಣು ಮೆತ್ತಿತ್ತು. ಆದರೆ ಗುರುವಾರದ ಆ ಮರದ ನೆರಳು ಕಣ್ಣಿಗೆ ಕಟ್ಟಿತು.

“ಆಗುವುದಿಲ್ಲ,” ಎಂದೆ. “ನಾಳೆ ದಾರಿಯಲ್ಲಿ ನಿಂತರೆ ನಿಮ್ಮನ್ನು ಎತ್ತಿಕೊಂಡು ಹೋಗ್ಲಿಕ್ಕೆ ನನಗೆ ತ್ರಾಣ ಇಲ್ಲ.”

ಈ ಮನೆಗೆ ಬಂದ ಮೂವತ್ತು ವರ್ಷದಲ್ಲಿ ಸುರಂಗದ ನೀರನ್ನು ನಾನು ಬೇಡ ಎಂದದ್ದು ಅದೇ ಮೊದಲು. ಅವರು ಎದ್ದು ಒಳಗೆ ಹೋದರು. ಸಿಟ್ಟು ಬಂತು ಅಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಗೋಡೆ ಹಿಡಿದು ಬಂದರು. ಬಲಗೈಯಲ್ಲಿ ಇನ್ವರ್ಟರಿನ ಬ್ಯಾಟರಿಗೆ ಹಾಕಲು ತಂದಿಟ್ಟ ಡಿಸ್ಟಿಲ್ಡ್ ನೀರಿನ ಕ್ಯಾನು.

“ಕರೆಂಟು ಹೋದ್ರೆ ಕತ್ತಲೆಯಲ್ಲಿ ಕೂತ್ರಾಯ್ತು,” ಎಂದರು. “ಇದನ್ನು ಹಾಕು.”

ಹಾಕಿದೆ. ಎಂಜಿನ್ ಬಿಸಿಯೇರಿದಾಗ ರೇಡಿಯೇಟರಿನ ಫ್ಯಾನು ತಾನಾಗಿ ತಿರುಗಿ, ತಣಿದ ಮೇಲೆ ನಿಂತಿತು. ಹಳೆಯ ನೀರನ್ನು ಬೆಕ್ಕು ಮೂಸದಂತೆ ಮುಚ್ಚಿಟ್ಟೆ. ಕೈಗೆ ಸಾಬೂನು ಹಚ್ಚಿ ತಿಕ್ಕಿದರೂ ಉಗುರಿನ ಸಂದಿಯ ಕೆಂಪು ಹೋಗಲಿಲ್ಲ.

ಸೋಮವಾರ ಎಲ್ಲಿಯೂ ನಿಲ್ಲಿಸಬೇಕಾಗಲಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ಅವರ ತೂಕ ನೋಡಿ ಹಾಸಿಗೆಗೆ ಕರೆದುಕೊಂಡು ಹೋದ ಮೇಲೆ ನನಗೆ ನಾಲ್ಕು ಗಂಟೆ ಬಿಡುವು. ಯಾವಾಗಲೂ ಪ್ಯಾಸೇಜಿನ ಬೆಂಚಿನಲ್ಲಿ ಕೂರುವವಳು ಅಂದು ಕಾರಿನ ಬಳಿ ಹೋದೆ. ಎಂಜಿನ್ ತಣಿದ ಮೇಲೆ ಬಾನೆಟ್ ಎತ್ತಿ ನೋಡಿದೆ. ಕೂಲೆಂಟಿನ ಡಬ್ಬಿಯಲ್ಲಿ ಹಸಿರು ನೀರು, ಮೇಲಿನ ಗೆರೆಗೆ ಸರಿಯಾಗಿ ನಿಂತಿತ್ತು.

“ಎಂತ ಅಕ್ಕ, ಗಾಡಿ ಹಾಳಾ?” ಎಂದು ಪಾರ್ಕಿಂಗಿನ ಕಾವಲಿನವರು ಕೇಳಿದರು.

ಇಲ್ಲ, ಸುಮ್ಮನೆ ನೋಡಿದ್ದು ಎಂದೆ. ಹನ್ನೊಂದೂವರೆಗೆ ಗಾಜಿಗೆ ತಟ್ಟಿ ನನ್ನನ್ನು ಏಳಿಸಲಿಕ್ಕಾಗ್ತದಾ ಎಂದು ಅವರನ್ನೇ ಕೇಳಿ, ಸೀಟನ್ನು ಹಿಂದಕ್ಕೆ ಬಾಗಿಸಿ ಮಲಗಿದೆ.