ಅಜ್ಜಿಯ ತವರು ಯಾವ ಊರು

ಮಾರ್ಚ್ ೯, ಭಾನುವಾರ, ಬೆಳಗ್ಗೆ ೧೦.೨೦ಕ್ಕೆ ಬರೆಯಲು ಕುಳಿತೆ. ಅಜ್ಜಿ ಹೋಗಿ ಇವತ್ತಿಗೆ ಇಪ್ಪತ್ತಾರು ದಿನ. ಇಷ್ಟು ದಿನಗಳಲ್ಲಿ ನಮ್ಮ ಮನೆಯವರು ಆಕೆಯನ್ನು ದೇವತೆ ಎಂದದ್ದು, ನನ್ನ ಕಿವಿಗೆ ಬಿದ್ದಷ್ಟೇ, ಐವತ್ತೆಂಟು ಸಲ. ಆ ದೇವತೆ ಹುಟ್ಟಿದ ಊರು ಯಾವುದೆಂದು ಹೇಳಬಲ್ಲವರು ಒಬ್ಬರೂ ಇಲ್ಲ.

ಅಜ್ಜಿಗೆ ಆರು ಮಕ್ಕಳು, ಹದಿಮೂರು ಮೊಮ್ಮಕ್ಕಳು. ಮೊಮ್ಮಕ್ಕಳಲ್ಲಿ ನಾನು ಒಂಬತ್ತನೆಯವಳು. ಆರು ಹೆರಿಗೆಯೂ ಜಂಗಮಕೋಟೆಯ ಗಂಡನ ಮನೆಯಲ್ಲೇ ಆದವು. ಚೊಚ್ಚಲ ಬಾಣಂತನಕ್ಕೂ ತಾತ ಆಕೆಯನ್ನು ತವರಿಗೆ ಕಳಿಸಲಿಲ್ಲ. ತಾನು ಮಾತ್ರ ಹೆಣ್ಣುಮಕ್ಕಳಿಗೆ ಏಳು ಬಾಣಂತನ ಮಾಡಿದಳು, ಸೊಸೆಯರಿಗೆ ಎರಡು. ರೇಷ್ಮೆಹುಳು ಪೊರೆ ಬಿಡುವ ಕೊನೆಯ ಜ್ವರದಿಂದ ಎದ್ದು ಹೊತ್ತುಗೊತ್ತಿಲ್ಲದೆ ಮೇಯುವ ವಾರದಲ್ಲಿ ಒಂದು ಕಂಕುಳಲ್ಲಿ ಹಿಪ್ಪುನೇರಳೆ ಸೊಪ್ಪಿನ ಕುಕ್ಕೆ, ಇನ್ನೊಂದರಲ್ಲಿ ಮಗಳ ಕೂಸು ಇರುತ್ತಿತ್ತು. ಅಮ್ಮನಿಗೆ ಸುಸ್ತೇ ಆಗುತ್ತಿರಲಿಲ್ಲ ಎಂದು ದೊಡ್ಡತ್ತೆ ಈಗ ಹೆಮ್ಮೆಯಿಂದ ಹೇಳಿಕೊಳ್ಳುತ್ತಾಳೆ. ಸುಸ್ತಾಯಿತೇ ಎಂದು ಕೇಳಿದ್ದರೆ ತಾನೆ ಗೊತ್ತಾಗುವುದು.

ಫೆಬ್ರವರಿ ೧೧ರ ಬೆಳಗ್ಗೆ ೬.೪೦ಕ್ಕೆ ಅಜ್ಜಿಯ ಜೀವ ಹೋಯಿತು. ನಮ್ಮಲ್ಲಿ ಹೆಂಗಸು ಸತ್ತರೆ ತವರಿನವರು ಸೀರೆ ತಂದು ಹೊದಿಸಬೇಕು. ಅಲ್ಲಿಯ ತನಕ ಹೆಣ ಎತ್ತುವಂತಿಲ್ಲ. ಹತ್ತು ಗಂಟೆಯ ಹೊತ್ತಿಗೆ ಪಕ್ಕದ ಮನೆಯ ಮುದುಕಿ ಜಗಲಿಗೆ ಬಂದು, ಫೋನಿನಲ್ಲಿ ಮುಳುಗಿದ್ದ ದೊಡ್ಡಪ್ಪನನ್ನು ಕೇಳಿದಳು.

"ತವರಿಗೆ ಹೇಳಿಕಳಿಸಿದ್ರೇನಪ್ಪ? ಯಾವೂರು ಅವರ್ದು?"

"ಚಿಂತಾಮಣಿ ಕಡೆ," ಎಂದರು ದೊಡ್ಡಪ್ಪ.

"ಕಡೆ ಅನ್ನೋದು ಊರಾ? ನಾನು ಕೇಳ್ತಿರೋದು ನಿಮ್ಮಮ್ಮನ ಊರು ಕಣಪ್ಪ, ಬಸ್ಸಿನ ರೂಟಲ್ಲ."

ದೊಡ್ಡಪ್ಪ ಚಿಕ್ಕಪ್ಪನ ಮುಖ ನೋಡಿದರು, ಚಿಕ್ಕಪ್ಪ ನನ್ನ ಅಪ್ಪನ ಮುಖ ನೋಡಿದರು. ಅಪ್ಪ ಒಳಗೆ ಹೋಗಿ ಮೂವರು ಅತ್ತೆಯರನ್ನು ಕೇಳಿ ಬಂದರು. ಅಂಬಾಜಿದುರ್ಗದ ಹತ್ತಿರ ಇರಬೇಕು ಎಂದಳಂತೆ ಒಬ್ಬಳು. ಇನ್ನಿಬ್ಬರು ಅಳು ಜೋರು ಮಾಡಿದರು. ಅಪ್ಪನಿಗೆ ಐವತ್ತೆರಡು ವರ್ಷ. ಊಟದ ತಟ್ಟೆಯನ್ನು ಆಕೆಯ ಮುಂದೆ ಇಟ್ಟುಕೊಂಡು ಅಷ್ಟು ವರ್ಷ ಕೂತ ಮನುಷ್ಯ.

ಅವರಿಗೆ ಊರು ಗೊತ್ತಿಲ್ಲ, ಆದರೆ ತವರು ಬಿಟ್ಟುಹೋದ ಕಥೆ ಎಲ್ಲರಿಗೂ ಬಾಯಿಪಾಠ. ದೊಡ್ಡಪ್ಪನ ನಾಮಕರಣಕ್ಕೆ ಅಜ್ಜಿಯ ಅಣ್ಣ ನೂಲಿನ ಸೀರೆ ತಂದಿದ್ದನಂತೆ. ರೇಷ್ಮೆ ಬೆಳೆಯುವ ಮನೆಗೆ ನೂಲಿನದೇ ಎಂದು ತಾತ ಅದನ್ನು ಜಗಲಿಗೆ ಎಸೆದರಂತೆ. ಅಣ್ಣ ಸೀರೆಯನ್ನು ಮಡಿಸಿಕೊಂಡು ಹೋದವನು ಮತ್ತೆ ಬರಲಿಲ್ಲ, ತಾತ ಅಜ್ಜಿಯನ್ನು ತವರಿಗೆ ಕಳಿಸಲೂ ಇಲ್ಲ. ಇದನ್ನು ನಮ್ಮ ಮನೆಯಲ್ಲಿ ಹಬ್ಬದೂಟದ ನಂತರ, ತಾತನ ಗತ್ತಿನ ನಿದರ್ಶನವಾಗಿ, ನಗುತ್ತಾ ಹೇಳುತ್ತಾರೆ. ನಾನು ಬರೆದಿಟ್ಟಂತೆ ಹನ್ನೊಂದು ಸಲ ಹೇಳಿದ್ದಾರೆ. ಹನ್ನೊಂದು ಸಲವೂ ಅಜ್ಜಿ ಎಲೆ ಎತ್ತುತ್ತಿದ್ದಳು.

ಸಾವಿನ ದಿನ ಚಿಕ್ಕಪ್ಪ ಕಾರಿನಲ್ಲಿ ಶಿಡ್ಲಘಟ್ಟಕ್ಕೆ ಹೋಗಿ ಹಸಿರು ಸೀರೆಯೊಂದನ್ನು ತಂದರು. ಹೊದಿಸುವವರು ಯಾರು? ಗೌರಿಬಿದನೂರಿನಿಂದ ಬಂದಿದ್ದ ದೊಡ್ಡಮ್ಮನ ತಮ್ಮ ಎದ್ದು ನಿಂತ. ಅಜ್ಜಿಯನ್ನು ಆತ ನೋಡಿದ್ದು ಬಹುಶಃ ಮೂರು ಸಲ. "ನನ್ನನ್ನೇ ತವರು ಅನ್ಕೊಳ್ಳಿ ಬಿಡಿ, ಲೇಟಾಗ್ತದೆ," ಎಂದ. ಸೊಸೆಯ ತಮ್ಮ ಅತ್ತೆಗೆ ಅಣ್ಣನಾದ. ಅಂಗಡಿಯ ಚೀಟಿಯನ್ನು ಯಾರೂ ಕಿತ್ತಿರಲಿಲ್ಲ, ನಾನೇ ಕಿತ್ತೆ. ೧.೧೫ಕ್ಕೆ ಎತ್ತಿದರು. ೧.೪೦ಕ್ಕೆ ದೊಡ್ಡಪ್ಪನ ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ ಆತ ಸೀರೆ ಹೊದಿಸುತ್ತಿರುವ ಫೋಟೋ ಬಂತು. ಕೆಳಗೆ, "ತವರಿನ ಬಳಗದೊಂದಿಗೆ ಅಂತಿಮ ನಮನ."

ವೈಕುಂಠ ಸಮಾರಾಧನೆ ಚಿಕ್ಕಬಳ್ಳಾಪುರದ ಒಂದು ಛತ್ರದಲ್ಲಿ ನಡೆಯಿತು. ದೊಡ್ಡಪ್ಪ ಇಪ್ಪತ್ತೆರಡು ನಿಮಿಷ ಮಾತಾಡಿದರು. ಅಮ್ಮ ಎಂಬ ಪದ ನಲವತ್ತೊಂದು ಸಲ ಬಂತು, ಅಜ್ಜಿಯ ಹೆಸರು ಒಮ್ಮೆಯೂ ಬರಲಿಲ್ಲ. ಫ್ಲೆಕ್ಸಿನ ಮೇಲೆ ಆಕೆಯ ವಯಸ್ಸು ತೊಂಬತ್ತಾರು ಎಂದಿತ್ತು. ಆಧಾರ್ ಪ್ರಕಾರ ಎಂಬತ್ತೆರಡು. ಕೇಳಿದ್ದಕ್ಕೆ, ತೊಂಬತ್ತು ದಾಟಿದರೆ ತುಂಬು ಜೀವನ ಅನ್ನಿಸುತ್ತದೆ ಎಂದರು ಚಿಕ್ಕಪ್ಪ.

ಊಟವಾದ ಮೇಲೆ ನಾನು ದೊಡ್ಡಪ್ಪನ ಹತ್ತಿರ ಹೋಗಿ, ತವರು ಹುಡುಕೋಣ, ಅಲ್ಲಿ ಯಾರಾದರೂ ಇದ್ದರೆ ಸುದ್ದಿಯಾದರೂ ಮುಟ್ಟಲಿ ಎಂದೆ. ಅವರು ಕೈ ಒರೆಸಿಕೊಂಡರು.

"ಈಗ ಗೊತ್ತಾದ್ರೆ ಊರವರ ಮುಂದೆ ನಮ್ಮ ಮುಖ ಏನಾಗ್ತದೆ ಕಣಮ್ಮ? ಆ ಫೋಟೋ ಎಲ್ಲರೂ ನೋಡವ್ರೆ."

ಅವರಿಗಿರುವ ಕಷ್ಟ ಅದೊಂದೇ.

ನನ್ನದನ್ನೂ ಬರೆಯಬೇಕು. ಎಂಟು ವರ್ಷದಿಂದ ಡೈರಿ ಇಟ್ಟಿದ್ದೇನೆ. ಅಜ್ಜಿಯ ಬಿಪಿ ಇದೆ, ಸೊಸೈಟಿಗೆ ಹಾಕಿದ ಹಾಲಿನ ಲೀಟರ್ ಇದೆ, ಪ್ರತಿ ಬೆಳೆಯಲ್ಲಿ ಗೂಡು ಕಟ್ಟಲು ಹಣ್ಣಾದ ಹುಳು ಬಿಟ್ಟ ಬಿದಿರಿನ ಚಂದ್ರಿಕೆ ಎಷ್ಟು ಎಂದಿದೆ. ಆಕೆಯ ಬಗ್ಗೆ ೨೧೨ ದಿನ ಬರೆದಿದ್ದೇನೆ. ಊರಿನ ಹೆಸರು ಎಲ್ಲೂ ಇಲ್ಲ. "ನಮ್ಮೂರಲ್ಲಿ" ಎಂದು ಆಕೆ ಮಾತು ಶುರು ಮಾಡುತ್ತಿದ್ದಳು, ನಾನೂ "ನಮ್ಮೂರಲ್ಲಿ" ಎಂದೇ ಬರೆದುಕೊಂಡೆ. ಯಾವೂರಜ್ಜಿ ಎಂದು ಕೇಳಲಿಲ್ಲ. ಬಿಪಿ ಬರೆದದ್ದಕ್ಕೆ ನಾನು ಉಳಿದವರಿಗಿಂತ ಮೇಲು ಎಂದುಕೊಂಡಿದ್ದೆ.

ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಏಳು ದಾಖಲೆ ತೆಗೆದು ನೋಡಿದೆ. ಏಳರಲ್ಲೂ ಗಂಡನ ಹೆಸರಿದೆ, ಅಪ್ಪನ ಹೆಸರಿಲ್ಲ. ಡೈರಿಯಿಂದ ಸಿಕ್ಕದ್ದು ಇಷ್ಟು: ಅವರ ಅಂಗಳದಲ್ಲಿ ನಿಂತರೆ ಸೂರ್ಯ ಅಂಬಾಜಿದುರ್ಗದ ಬೆಟ್ಟದ ಹಿಂದಿನಿಂದ ಹುಟ್ಟುತ್ತಿದ್ದ, ಅಂದರೆ ಊರು ಬೆಟ್ಟದ ಪಡುವಣಕ್ಕಿದೆ. ಮನೆಯಲ್ಲಿ ತೆಲುಗು ಮಾತಾಡುತ್ತಿದ್ದರು. ಬಾವಿಯ ಕಟ್ಟೆಯ ಮೇಲೆ ಮುರಿದ ಬೀಸುವ ಕಲ್ಲನ್ನು ಕೂಡಿಸಿದ್ದರು. ಅಣ್ಣನ ಎಡಗೈಯ ಕಿರುಬೆರಳು ಕಬ್ಬಿನ ಗಾಣಕ್ಕೆ ಸಿಕ್ಕಿ ಹೋಗಿತ್ತು.

ಆ ಭಾಗದಿಂದ ಜಂಗಮಕೋಟೆಗೆ ಕೊಟ್ಟ, ಆಮೇಲೆ ಹೋಗಿಬರುವುದು ನಿಂತುಹೋದ ಹೆಣ್ಣುಮಗಳ ಮಾತು ನಿಮ್ಮ ಮನೆಯಲ್ಲಿ ಯಾರಾದರೂ ಆಡಿದ್ದರೆ, ಈ ಬರಹ ಅಚ್ಚಾದ ಪತ್ರಿಕೆಯ ವಿಳಾಸಕ್ಕೆ ನಾಲ್ಕು ಸಾಲು ಬರೆಯಿರಿ. ಆಕೆ ತೀರಿಕೊಂಡಳೆಂದು ನಾನೇ ಬಂದು ಹೇಳುತ್ತೇನೆ.